ಬಟ್ಟೆ ಜಾರಿದ ಮೂರು ಸೆಕೆಂಡು

ಕಾಸರಗೋಡಿನಲ್ಲಿ ನನ್ನದು ವಿಡಿಯೋ ಕೆಲಸ. ಮದುವೆ, ಯಕ್ಷಗಾನ, ತೆಯ್ಯಂ ಕುಣಿಯುವ ಕಳಿಯಾಟ, ಏನು ಸಿಕ್ಕಿದರೂ ಸರಿ. ಕೆಲವು ವರ್ಷ ಟಿವಿಯ ಕ್ರೈಮ್ ಕಾರ್ಯಕ್ರಮಗಳಿಗೂ ದೃಶ್ಯ ಕಳಿಸುತ್ತಿದ್ದೆ. ಆ ಕಡೆಯವರಿಗೆ ಕನ್ನಡ, ಈ ಕಡೆಯವರಿಗೆ ಮಲಯಾಳ. ಎರಡೂ ಮಾತಾಡುವವನು ಒಬ್ಬನೇ ಸಿಕ್ಕಿದರೆ ಖರ್ಚು ಕಮ್ಮಿ, ಅಲ್ವಾ?

ಆ ಕೆಲಸದಲ್ಲಿ ಜಾಸ್ತಿ ಬೆಲೆ ಇದ್ದದ್ದು 'ತೆಳಿವೆಡುಪ್ಪಿ'ಗೆ. ಕೇರಳದ ಸುದ್ದಿ ನೋಡುವವರಿಗೆಲ್ಲ ಗೊತ್ತಿರುವ ಪದ, ಸಾಕ್ಷ್ಯ ಸಂಗ್ರಹ ಅಂತ ಅರ್ಥ. ಆರೋಪಿಯನ್ನು ಜೀಪಿನಲ್ಲಿ ಕರೆತರುತ್ತಾರೆ. ಕತ್ತಿ ಎಸೆದ ಬಾವಿ, ಚಿನ್ನ ಹೂತಿಟ್ಟ ತೆಂಗಿನ ಬುಡ, ಒಂದೊಂದಾಗಿ ತೋರಿಸುತ್ತಾನೆ. ಪೊಲೀಸರ ಮುಂದೆ 'ನಾನೇ ಮಾಡಿದ್ದು' ಅಂದರೆ ಕೋರ್ಟಿನಲ್ಲಿ ಅದು ಸಾಕ್ಷಿ ಆಗುವುದಿಲ್ಲ. ಆದರೆ ಅವನು ಹೇಳಿದ್ದರಿಂದಲೇ ವಸ್ತು ಸಿಕ್ಕಿತು ಅಂತಾದರೆ ಅಷ್ಟು ಮಾತು ನಿಲ್ಲುತ್ತದೆ. ಅದಕ್ಕೇ ಈ ಸುತ್ತಾಟ. ಟಿವಿಗೆ ಮಾತ್ರ ಅದು ರೆಡಿಮೇಡ್ ನಾಟಕ.

ಒಂದು ಸಲ ಹೀಗಾಯಿತು. ಅಡಿಕೆ ತೋಟದ ನಡುವಿನ ಮನೆಯಲ್ಲಿ ದರೋಡೆ. ಓಡಿ ಹೋಗುವವನನ್ನು ಪಕ್ಕದ ಮನೆಯ ಅಜ್ಜಿ ಜಗಲಿಯಿಂದ ನೋಡಿದ್ದರು. ಗುರುತು ಪತ್ತೆ ಪೆರೇಡ್ ಇನ್ನೂ ಬಾಕಿ ಇತ್ತು. ಅಂದರೆ ಮ್ಯಾಜಿಸ್ಟ್ರೇಟರ ಮುಂದೆ, ಅವನ ಹಾಗೇ ಕಾಣುವ ನಾಲ್ಕಾರು ಜನರ ನಡುವೆ ಅವನನ್ನು ನಿಲ್ಲಿಸಿ, 'ಇವನೇ' ಅಂತ ಅಜ್ಜಿ ತೋರಿಸಬೇಕು. ಅದಕ್ಕೇ ಮುಖಕ್ಕೆ ಬಟ್ಟೆ ಹಾಕಿ ತಂದಿದ್ದರು.

ತೋಟದ ಮೆಟ್ಟಿಲು ಹತ್ತುವಾಗ ಬಟ್ಟೆ ಜಾರಿತು. ನಾನು ಝೂಮ್ ಮಾಡಿದೆ. ಯೋಚನೆ ಮಾಡಿ ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ಮೂರೇ ಸೆಕೆಂಡು. ಮಸುಕು ಮಾಡಿಯೇ ಹಾಕುತ್ತಾರೆ ಅಂದುಕೊಂಡು ಕಳಿಸಿದೆ. ಮಾಡಲಿಲ್ಲ. ಆ ಮೂರು ಸೆಕೆಂಡನ್ನೇ ನಿಧಾನ ಮಾಡಿ, ಮದ್ದಳೆಯ ಹಾಗೆ ಏನೋ ಸದ್ದು ಸೇರಿಸಿ, ಅರ್ಧ ಗಂಟೆಯಲ್ಲಿ ಐದು ಸಲ ತೋರಿಸಿದರು.

ಅಜ್ಜಿಯ ಮನೆಯಲ್ಲೂ ಟಿವಿ ಇತ್ತು.

ಪೆರೇಡಿನಲ್ಲಿ ಅವರು ಸರಿಯಾಗಿಯೇ ಗುರುತಿಸಿದರು. ವಿಚಾರಣೆ ಬಂದದ್ದು ವರ್ಷಗಳ ನಂತರ. ಎದುರು ವಕೀಲರು ಸುತ್ತಿ ಬಳಸಿ ಏನೂ ಕೇಳಲಿಲ್ಲ. 'ಇವರನ್ನು ಮೊದಲೇ ಟಿವಿಯಲ್ಲಿ ನೋಡಿದ್ದಿರಾ?' ಅಂದರು. ಅಜ್ಜಿ ಸುಳ್ಳು ಹೇಳುವ ಜನ ಅಲ್ಲ. 'ಹೌದು, ಎಷ್ಟೋ ಸಲ. ಮೊಮ್ಮಗಳು ಮೊಬೈಲಿನಲ್ಲೂ ತೋರಿಸಿದ್ದಾಳೆ.' ಮುಗಿಯಿತು. ಆ ಗುರುತಿಗೆ ಮೂರು ಕಾಸಿನ ಬೆಲೆ ಉಳಿಯಲಿಲ್ಲ.

ಪೊಲೀಸ್ ಸ್ಟೇಷನ್ನಿನಲ್ಲಿ ದಾಖಲೆ ಬರೆಯುವ ರೈಟರ್ ನನಗೆ ಪರಿಚಯದವರು. 'ನಿನ್ನ ಕ್ಯಾಮೆರಾ ಭಾರೀ ಒಳ್ಳೆದುಂಟು ಮಾರಾಯ' ಅಂದರು. ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಪೊಲೀಸರದ್ದೂ ಪಾಲು ಇಲ್ಲ ಅಂತಲ್ಲ. ರೈಲ್ವೆ ಗೇಟಿನಲ್ಲಿ ನಾವು ಸಿಕ್ಕಿಬಿದ್ದಾಗ ನಮಗೋಸ್ಕರ ಆರೋಪಿಯನ್ನು ಜೀಪಿನಲ್ಲೇ ಕೂರಿಸಿಕೊಂಡು ಕಾದವರಿದ್ದಾರೆ. ತಲೆ ಬಾಚಿಕೊಂಡು ಬಂದವರನ್ನೂ ಕಂಡಿದ್ದೇನೆ.

ಅಮೆರಿಕದ ಡೆಟ್ರಾಯಿಟಿನ ಸಂಗತಿ ಓದಿದ್ದು ಆಮೇಲೆ. 2010ರ ಮೇ 16ರ ನಡುರಾತ್ರಿ, ಕೊಲೆ ಆರೋಪಿಯನ್ನು ಹುಡುಕಿಕೊಂಡು ಅಲ್ಲಿನ ಪೊಲೀಸರು ಒಂದು ಮನೆಗೆ ನುಗ್ಗಿದರು. 'ದಿ ಫಸ್ಟ್ 48' ಎಂಬ ಟಿವಿ ಕಾರ್ಯಕ್ರಮದ ತಂಡ ಜೊತೆಗಿತ್ತು. ಮೊದಲು ಕಿಟಕಿಯಿಂದ ಕಣ್ಣು ಕುಕ್ಕುವ ಗ್ರೆನೇಡು ಎಸೆದರು. ಸೋಫಾದ ಮೇಲೆ ಮಲಗಿದ್ದ 7 ವರ್ಷದ ಹುಡುಗಿ ಪೊಲೀಸ್ ಗುಂಡಿಗೆ ಸತ್ತಳು. ಪೊಲೀಸರ ಹಿಂದೆ ಟಿವಿ ತಂಡ ಹೋಗುವುದನ್ನು ಮೇಯರ್ ಡೇವ್ ಬಿಂಗ್ ನಿಲ್ಲಿಸಿಬಿಟ್ಟರು. ಕ್ಯಾಮೆರಾ ಇರದಿದ್ದರೆ ಅವರು ಅಷ್ಟು ಅಬ್ಬರದಲ್ಲಿ ನುಗ್ಗುತ್ತಿದ್ದರಾ? ಓದುವಾಗ ನನಗೆ ಆ ತಲೆ ಬಾಚಿಕೊಂಡವರು ನೆನಪಾದರು.

ಇನ್ನು ಊರಿನ ಹೆಸರು. ಕೋಯಿಕ್ಕೋಡ್ ಜಿಲ್ಲೆಯ ಕೂಡತ್ತಾಯಿಯನ್ನೇ ನೋಡಿ. 2002ರಿಂದ 2016ರ ನಡುವಿನ 6 ಸಾವುಗಳ ಕೇಸು 2019ರಲ್ಲಿ ಹೊರಬಂತು. ಕೆಲವೇ ತಿಂಗಳಲ್ಲಿ ಸೀರಿಯಲ್. 2023ರಲ್ಲಿ ನೆಟ್‌ಫ್ಲಿಕ್ಸಿಗೂ ಬಂತು. ಈಗ ಕೂಡತ್ತಾಯಿ ಅಂದರೆ ಯಾರಿಗೂ ಊರು ನೆನಪಾಗುವುದಿಲ್ಲ, ಸಯನೈಡ್ ನೆನಪಾಗುತ್ತದೆ.

ನಮ್ಮ ಊರಿಗೆ ಹಾಗೆ ಮಾಡುವುದರಲ್ಲಿ ನನ್ನ ಕೈಯೂ ಇದೆ. ಪ್ರೊಡ್ಯೂಸರ್‌ಗಳು ಕೇಳುತ್ತಿದ್ದದ್ದು ಯಾವಾಗಲೂ ಅದೇ ಮೂರು ಶಾಟ್. ಕತ್ತಲಾಗುವ ಹೊತ್ತಿನ ಚಂದ್ರಗಿರಿ ಸೇತುವೆ, ರಾತ್ರಿಯ ತಲಪಾಡಿ ಚೆಕ್‌ಪೋಸ್ಟ್, ಹೊಸ ಬಸ್ ಸ್ಟ್ಯಾಂಡಿನ ಜನಸಂದಣಿ. ಕಳ್ಳತನ ಆದದ್ದು ದೂರದ ಯಾವುದೋ ಗುಡ್ಡೆಯ ಬುಡದಲ್ಲಿರಲಿ, ಮೊದಲು ಬರುವುದು ಸೇತುವೆ. 'ಗಡಿಯಲ್ಲಿ ನೆತ್ತರು' ಅಂತ ಕೆಂಪಕ್ಷರ. ಬೆಳಗ್ಗಿನ ಶಾಟ್ ಕಳಿಸಿದರೆ 'ಮೂಡ್ ಇಲ್ಲ' ಅನ್ನುತ್ತಿದ್ದರು. ನಾನೂ ಸಂಜೆಗೆ ಕಾದು ತೆಗೆಯಲು ಕಲಿತೆ.

ನನ್ನ ತಂಗಿಯ ಮಗಳು ಓದಲಿಕ್ಕೆ ಮಂಗಳೂರಿಗೆ ಹೋದಾಗ ಬಾಡಿಗೆ ರೂಮಿನ ಯಜಮಾನರು 'ಕಾಸರಗೋಡಾ?' ಅಂತ ಎರಡು ಸಲ ಕೇಳಿದರಂತೆ. ಅವಳು ಅಪ್ಪಟ ಹವ್ಯಕ ಕನ್ನಡದಲ್ಲಿ ನಗಾಡಿದ ಮೇಲೆ ಕೀ ಕೊಟ್ಟರಂತೆ. ಅವಳಿಗೆ ತಮಾಷೆ. ನನಗೆ ಊಟ ಸೇರಲಿಲ್ಲ.

ಈಗ ಇಂಥ ಕೆಲಸ ಒಪ್ಪಿಕೊಳ್ಳುವುದಾದರೆ ಮೊದಲೇ ಹೇಳುತ್ತೇನೆ. ಮುಖ ಇರುವ ಕ್ಲಿಪ್ ಕಾರ್ಡಿನಿಂದ ಹೊರಗೆ ಹೋಗುವ ಮೊದಲು ನಾನೇ ಮಸುಕು ಮಾಡುತ್ತೇನೆ. ಘಟನೆ ಎಲ್ಲಿ ಆಯಿತೋ ಆ ಜಾಗದ್ದೇ ಶಾಟ್ ಕೊಡುತ್ತೇನೆ, ಬೇರೆ ಊರಿನದ್ದು ಇಲ್ಲ. ಕರೆಗಳು ಕಮ್ಮಿಯಾದವು. ಪರವಾಗಿಲ್ಲ, ಮದುವೆಗಳಿವೆ.

ಮೊನ್ನೆ ಒಬ್ಬರು ಬಸ್ ಸ್ಟ್ಯಾಂಡಿನ ಶಾಟ್ ಕೇಳಿದರು. ಕೇಸು ಇಲ್ಲಿಯದ್ದೇ ಅಲ್ಲ, ಆಗುವುದಿಲ್ಲ ಅಂದೆ. ರಾತ್ರಿ ಟಿವಿ ಹಾಕಿದರೆ ಬಸ್ ಸ್ಟ್ಯಾಂಡ್ ಬಂದೇ ಬಂತು. ನೋಡುತ್ತೇನೆ, ಅದು ನನ್ನದೇ ಹಳೆಯ ಶಾಟ್. ಈಗ ಅಲ್ಲಿ ತಲೆಯ ಮೇಲೆ ಹೆದ್ದಾರಿಯ ಫ್ಲೈಓವರ್ ಇದೆ. ಟಿವಿಯ ಕಾಸರಗೋಡಿನಲ್ಲಿ ಇನ್ನೂ ಬರೀ ಆಕಾಶ.