"ಡಾಕ್ಟರನ್ನೇ ಕೇಳಿ" ಅಂತ ಸಿಸ್ಟರ್‌ಗಳು ಯಾಕೆ ಹೇಳ್ತಾರೆ?

ನಾನು ನರ್ಸ್ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅಲ್ಲಮ್ಮಾ, ರಿಪೋರ್ಟ್ ನಿಮ್ಮ ಕೈಯಲ್ಲೇ ಇರುತ್ತೆ. ಫೈಲು ನಿಮ್ಮ ಟೇಬಲ್ ಮೇಲೇ ಇರುತ್ತೆ. ಏನಾಗಿದೆ ಅಂತ ಕೇಳಿದ್ರೆ ಮಾತ್ರ 'ಡಾಕ್ಟರನ್ನೇ ಕೇಳಿ' ಅಂತೀರ. ನಿಮಗೆ ಗೊತ್ತಿರಲ್ವಾ, ಇಲ್ಲಾ ಹೇಳೋಕೆ ಮನಸ್ಸಿಲ್ವಾ?"

ಗೊತ್ತಿರುತ್ತದೆ. ಎಲ್ಲವೂ ಅಲ್ಲ, ಆದರೆ ಬಹಳಷ್ಟು ಗೊತ್ತಿರುತ್ತದೆ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಆದರೆ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ಆದರೆ ನಾಲ್ಕು ವರ್ಷ ಓದಿ ಬಂದಿರುತ್ತೇವೆ. ಆಮೇಲೆ ವಾರ್ಡು ಕಲಿಸುವುದು ಬೇರೆಯೇ ಇರುತ್ತದೆ. ಬಯಾಪ್ಸಿ ರಿಪೋರ್ಟಿನಲ್ಲಿ ಕಾರ್ಸಿನೋಮ ಅಂತ ಬರೆದಿದ್ದರೆ ಅದು ಕ್ಯಾನ್ಸರ್ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿದ್ದೂ ನಾನು ಅದನ್ನು ಹೇಳುವುದಿಲ್ಲ. ಯಾಕೆಂದರೆ ರಿಪೋರ್ಟ್ ಅನ್ನುವುದು ಒಂದು ತುಂಡು. ಸ್ಕ್ಯಾನ್ ಏನು ಹೇಳುತ್ತದೆ, ಕಾಯಿಲೆ ಎಷ್ಟು ಹರಡಿದೆ, ಆಪರೇಷನ್ ಆಗುತ್ತದಾ, ಕೀಮೋ ಮೊದಲಾ ಆಮೇಲಾ, ಇದನ್ನೆಲ್ಲ ಕೂಡಿಸಿ ನೋಡಿ ತೀರ್ಮಾನಿಸುವುದು ಡಾಕ್ಟರ ಕೆಲಸ. ಅದಕ್ಕೆ ಸಹಿ ಹಾಕುವವರು, ನಾಳೆ ಉತ್ತರ ಕೊಡಬೇಕಾದವರು ಅವರೇ. ನಾನು ನಡುರಾತ್ರಿ "ಹೌದು, ಕ್ಯಾನ್ಸರ್" ಅಂದುಬಿಟ್ಟರೆ ಮುಂದಿನ ಪ್ರಶ್ನೆ ಒಂದೇ ನಿಮಿಷದಲ್ಲಿ ಬರುತ್ತದೆ. "ವಾಸಿ ಆಗುತ್ತಾ?" ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಕೆಟ್ಟ ಸುದ್ದಿ ಕೊಟ್ಟು ದಾರಿ ತೋರಿಸದೆ ನಡುನೀರಿನಲ್ಲಿ ಕೈಬಿಟ್ಟ ಹಾಗಾಗುತ್ತದೆ.

ಇದು ನ್ಯಾಯವಾದ ಉತ್ತರ. ಆದರೆ ನಮ್ಮವರ ಪರವಾಗಿ ಇಷ್ಟು ಹೇಳಿ ಸುಮ್ಮನಾದರೆ ಮೋಸವಾಗುತ್ತದೆ. ಎಷ್ಟೋ ಸಲ "ಡಾಕ್ಟರನ್ನೇ ಕೇಳಿ" ಅನ್ನುವುದು ನಿಯಮಕ್ಕಾಗಿ ಅಲ್ಲ, ಸಾಕಾಗಿರುತ್ತದೆ ಅಂತ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದ ಪ್ರಕಾರ ಮೆಡಿಕಲ್ ಕಾಲೇಜು ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ 3 ರೋಗಿಗೆ ಒಬ್ಬ ನರ್ಸ್ ಇರಬೇಕು, ಬೇರೆ ಆಸ್ಪತ್ರೆಗಳಲ್ಲಿ 5ಕ್ಕೆ ಒಬ್ಬರು. ನೈಟ್ ಡ್ಯೂಟಿಯಲ್ಲಿ ವಾರ್ಡಿಗೆ ಬಂದು ಎಣಿಸಿ ನೋಡಿ, ನಗು ಬರುತ್ತದೆ. ಒಂದು ಕಡೆ ಡ್ರಿಪ್ ಮುಗಿದಿರುತ್ತದೆ, ಇನ್ನೊಂದು ಕಡೆ ಕ್ಯಾನುಲಾ (ಡ್ರಿಪ್ ಸೂಜಿ) ಹಾಕಿದ ಜಾಗ ಊದಿಕೊಂಡಿರುತ್ತದೆ, ಹೊಸ ಅಡ್ಮಿಷನ್ ಟ್ರಾಲಿ ಬಾಗಿಲಲ್ಲಿ ನಿಂತಿರುತ್ತದೆ. ಆಗ ಬಾಯಿಗೆ ಸುಲಭವಾಗಿ ಬರುವ ಮಾತು ಅದು. ಅರ್ಥವಾಗುತ್ತದೆ, ಆದರೆ ಅದು ಉತ್ತರ ಅಲ್ಲ.

ನನ್ನ ಪ್ರಕಾರ "ಡಾಕ್ಟರನ್ನೇ ಕೇಳಿ" ಅನ್ನುವುದು ಅರ್ಧ ವಾಕ್ಯ. ಉಳಿದರ್ಧ ಹೀಗಿರಬೇಕು: "ಡಾಕ್ಟರು ಒಂಬತ್ತೂವರೆಗೆ ರೌಂಡ್ಸ್‌ಗೆ ಬರ್ತಾರೆ. ನೀವು ಇದನ್ನ ಕೇಳ್ತಿದ್ರಿ ಅಂತ ನಾನೂ ಹೇಳಿರ್ತೀನಿ. ಅವರು ಹೇಳಿದ್ದು ಅರ್ಥ ಆಗ್ಲಿಲ್ಲ ಅಂದ್ರೆ ಆಮೇಲೆ ನನ್ನನ್ನ ಕರೀರಿ." ಪ್ರಶ್ನೆಯನ್ನು ಡಾಕ್ಟರ ತನಕ ಮುಟ್ಟಿಸುವುದು, ಉತ್ತರ ರೋಗಿಯ ತನಕ ಮುಟ್ಟಿತಾ ಅಂತ ನೋಡುವುದು, ಇವೆರಡೂ ನರ್ಸ್ ಕೆಲಸ.

ಇನ್ನು ಕೆಲವು ಪ್ರಶ್ನೆಗಳನ್ನು ಡಾಕ್ಟರ ಕಡೆ ತಳ್ಳುವ ಹಾಗೇ ಇಲ್ಲ. ಬಿಪಿ ಎಷ್ಟಿದೆ? ಈ ಇಂಜೆಕ್ಷನ್ ಯಾತಕ್ಕೆ? ಆಪರೇಷನ್‌ಗೆ ಮುಂಚೆ ನೀರೂ ಕುಡಿಯಬಾರದು ಅಂದರೆ ಯಾಕೆ? ಇದಕ್ಕೆಲ್ಲ ಉತ್ತರ ಹೇಳಬೇಕಾದವರು ನಾವು. ಕೈಯಲ್ಲಿ ಸಿರಿಂಜ್ ಹಿಡಿದುಕೊಂಡು ಬಂದವರಿಗೆ ಅದರಲ್ಲಿ ಏನಿದೆ ಅಂತ ಹೇಳೋಕೆ ಆಗದಿದ್ದರೆ ಅದನ್ನು ಚುಚ್ಚಿಸಿಕೊಳ್ಳಬೇಡಿ. ಸಿಟ್ಟು ಮಾಡಿಕೊಂಡರೂ ಪರವಾಗಿಲ್ಲ.

ಹಾಗೇ ಇನ್ನೊಂದು ದೂರು. "ಬೆಳಿಗ್ಗೆಯಿಂದ ಎಷ್ಟು ಸಲ ಹೆಸರು ಕೇಳ್ತೀರಿ, ಇಷ್ಟು ದಿನ ಆದ್ರೂ ನನ್ನ ಗುರುತು ಸಿಗಲ್ವಾ?" ಗುರುತು ಸಿಗುತ್ತದೆ. ಆದರೂ ಪ್ರತಿ ಡೋಸ್‌ಗೂ ಕೇಳಬೇಕು. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ (ಬಾಯಿಗೋ, ನರಕ್ಕೋ), ಸರಿಯಾದ ಹೊತ್ತು, ಈ ಐದನ್ನು ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿಸಿರುತ್ತಾರೆ. ಕೇಳುವುದಕ್ಕೂ ಒಂದು ರೀತಿ ಇದೆ. "ನೀವು ಲಕ್ಷ್ಮಮ್ಮ ಅಲ್ವಾ?" ಅಂತ ಕೇಳಬಾರದು. ಜ್ವರದ ಮಂಪರಿನಲ್ಲಿರುವವರು, ಕಿವಿ ಮಂದ ಇರುವವರು ಯಾರ ಹೆಸರು ಹೇಳಿದರೂ "ಹ್ಞೂಂ" ಅನ್ನುತ್ತಾರೆ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ನಮ್ಮ ಕಡೆ ದೊಡ್ಡ ವಿಷಯವೇ ಅಲ್ಲ. "ನಿಮ್ಮ ಹೆಸರು ಹೇಳಿ ಅಮ್ಮಾ" ಅಂತ ಅವರ ಬಾಯಲ್ಲೇ ಹೇಳಿಸಿ, ಕೈಪಟ್ಟಿಯಲ್ಲಿ ಇರುವ ಆಸ್ಪತ್ರೆ ನಂಬರ್ ನೋಡಿ, ಆಮೇಲೆ ಮಾತ್ರೆ.

ಜನರಿಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಡಾಕ್ಟರು ಬರೆದದ್ದನ್ನು ಕೊಡುವುದಷ್ಟೇ ನರ್ಸ್ ಕೆಲಸ ಅಂತ. ತಪ್ಪು ಪೂರ್ತಿ ಜನರದ್ದೂ ಅಲ್ಲ. ನರ್ಸಿಂಗ್ ಕಾಲೇಜಿನಲ್ಲಿ ದೀಪ ಹಿಡಿದುಕೊಂಡು ಹೇಳುವ ನೈಟಿಂಗೇಲ್ ಪ್ರತಿಜ್ಞೆ, ಆಧುನಿಕ ನರ್ಸಿಂಗ್‌ಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಬರೆದದ್ದಲ್ಲ. ಅದನ್ನು 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಅವರ ಸಮಿತಿ ಬರೆಯಿತು. ವೈದ್ಯರ ಕೆಲಸಕ್ಕೆ ನಿಷ್ಠೆಯಿಂದ ನೆರವಾಗುತ್ತೇನೆ ಅಂತ ಅದರಲ್ಲಿ ಇದೆ. 1953ರಲ್ಲಿ ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ ಮೊದಲ ನೀತಿ ಸಂಹಿತೆ ತಂದಾಗಲೂ ಡಾಕ್ಟರ ಆದೇಶವನ್ನು ನಿಷ್ಠೆಯಿಂದ ಪಾಲಿಸಬೇಕು ಅನ್ನುವ ಮಾತು ಉಳಿದಿತ್ತು. 1973ರ ತಿದ್ದುಪಡಿಯಲ್ಲಿ ಅದು ಬದಲಾಯಿತು. ನರ್ಸ್‌ನ ಮೊದಲ ಹೊಣೆ ಆರೈಕೆ ಬೇಕಾದವರ ಕಡೆಗೆ ಅಂತ ನೇರವಾಗಿ ಬರೆದರು. ನನ್ನನ್ನು ಕೇಳಿದರೆ ನಮ್ಮ ವೃತ್ತಿಯಲ್ಲಿ ಆದ ಅತಿ ದೊಡ್ಡ ಬದಲಾವಣೆ ಅದೇ. ದೀಪದ ಸಮಾರಂಭದಲ್ಲಿ ಮಾತ್ರ ಇವತ್ತಿಗೂ ಹಳೆಯದೇ ಓದಿಸುತ್ತಾರೆ, ಫೋಟೋ ಚೆನ್ನಾಗಿ ಬರುತ್ತೆ ಅಂತಲೋ ಏನೋ.

ಈ ಹೊಣೆ ವಾರ್ಡಿನಲ್ಲಿ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಹೃದಯದ ತೊಂದರೆಗೆ ಡಿಗಾಕ್ಸಿನ್ ಅಂತ ಒಂದು ಮಾತ್ರೆ ಇದೆ. ಚಿಕ್ಕ ಮಾತ್ರೆ, ಬಹಳ ಹಳೆಯದು. ಅದನ್ನು ಕೊಡುವ ಮುಂಚೆ ಎದೆಗೆ ಸ್ಟೆತ್ ಇಟ್ಟು ಬಡಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿ ಇಲ್ಲಿ ನಡೆಯುವುದಿಲ್ಲ. ಈ ಮಾತ್ರೆ ತೆಗೆದುಕೊಳ್ಳುವ ಎಷ್ಟೋ ಜನರ ಎದೆಬಡಿತ ತಾಳ ತಪ್ಪಿರುತ್ತದೆ. ದೊಡ್ಡವರಲ್ಲಿ 60ಕ್ಕಿಂತ ಕಮ್ಮಿ ಇದ್ದರೆ ಮಾತ್ರೆ ಕೊಡದೆ ಡಾಕ್ಟರಿಗೆ ತಿಳಿಸಬೇಕು. ಕೇಸ್ ಶೀಟಿನಲ್ಲಿ ಡಾಕ್ಟರೇ ಬರೆದಿದ್ದಾರೆ, ಹೊತ್ತೂ ಆಗಿದೆ, ಆದರೂ ಕೊಡಬಾರದು. ಫೋನ್ ಮಾಡಿ ಹೇಳುವುದು ಹೀಗೆ: "ಸರ್, ಮೇಲ್ ಮೆಡಿಕಲ್ ವಾರ್ಡ್, ಬೆಡ್ 14. ಡಿಗಾಕ್ಸಿನ್ ಡೋಸ್ ಇದೆ, ಪಲ್ಸ್ 52. ಬೆಳಿಗ್ಗೆಯಿಂದ ವಾಕರಿಕೆ ಅಂತಿದಾರೆ, ತಿಂಡಿ ತಿಂದಿಲ್ಲ. ಡೋಸ್ ಹೋಲ್ಡ್ ಮಾಡಿದೀನಿ. ಇಸಿಜಿ ತೆಗೆದಿಡ್ತೀನಿ, ಬಂದು ನೋಡ್ತೀರಾ?" ವಾಕರಿಕೆಯ ಮಾತು ಸುಮ್ನೆ ಸೇರಿಸಿದ್ದಲ್ಲ. ಆ ಔಷಧಿ ಮೈಯಲ್ಲಿ ಜಾಸ್ತಿಯಾದರೆ ಕಾಣುವ ಲಕ್ಷಣಗಳಲ್ಲಿ ಅದೂ ಒಂದು. ಬರೀ "ಸರ್, ಪೇಷಂಟ್ ಯಾಕೋ ಸರಿ ಇಲ್ಲ" ಅಂದರೆ ಆ ಕಡೆಯವರು "ಆಯ್ತು, ನೋಡೋಣ" ಅಂತ ಫೋನ್ ಇಡುತ್ತಾರೆ.

ಫೋನಿನಲ್ಲಿ ಡಾಕ್ಟರು ಆರ್ಡರ್ ಹೇಳಿದಾಗಲೂ ಅಷ್ಟೇ. ಬರೆದುಕೊಂಡು ಓದಿ ಹೇಳಿ, ಅವರ ಬಾಯಲ್ಲಿ ಹೌದು ಅನ್ನಿಸಬೇಕು. ಇನ್ಸುಲಿನ್ ಫಿಫ್ಟೀನ್ ಯೂನಿಟ್ ಅಂದದ್ದು ಗಲಾಟೆಯಲ್ಲಿ ಫಿಫ್ಟಿ ಅಂತ ಕೇಳಿಸಬಹುದು. ಅದಕ್ಕೇ "ಒನ್ ಫೈವ್, ಫಿಫ್ಟೀನ್" ಅಂತ ಬಿಡಿಸಿ ಹೇಳುತ್ತೇವೆ. ಕೆಲವು ಡಾಕ್ಟರಿಗೆ ಇದು ಕಿರಿಕಿರಿ. ಆಗಲಿ.

ಈಗ ಎಲ್ಲಕ್ಕಿಂತ ಕಷ್ಟದ ವಿಷಯ. ಮನೆಯವರೇ ಬಂದು "ಅವರಿಗೆ ಹೇಳ್ಬೇಡಿ" ಅಂದಾಗ ಏನು ಮಾಡುವುದು?

ಒಬ್ಬರು ಹಿರಿಯರಿದ್ದರು, ರಿಟೈರಾದ ಮೇಷ್ಟ್ರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅಡ್ಮಿಟ್ ಆದ ದಿನವೇ ಮಗ ನನ್ನನ್ನು ಕಾರಿಡಾರಿಗೆ ಕರೆದ. "ಸಿಸ್ಟರ್, ಅಪ್ಪಂಗೆ ಅಲ್ಸರ್ ಅಂತ ಹೇಳಿದೀವಿ. ಗೊತ್ತಾದ್ರೆ ತಡ್ಕೊಳ್ಳಲ್ಲ ಅವರು. ದಯವಿಟ್ಟು ಬಾಯಿ ಬಿಡ್ಬೇಡಿ." ಕೆಟ್ಟ ಮಗ ಅಲ್ಲ. ಅಪ್ಪನ ಕಾಲು ಒತ್ತುತ್ತಾ ಕೂತಿರುತ್ತಿದ್ದ. ಎರಡನೇ ರಾತ್ರಿ ಟೆಂಪರೇಚರ್ ನೋಡೋಕೆ ಹೋದಾಗ ಮೇಷ್ಟ್ರೇ ಕೇಳಿದರು. "ಅಲ್ಸರ್‌ಗೆ ಈ ಬಿಲ್ಡಿಂಗ್‌ಗೆ ಯಾಕೆ ಕರ್ಕೊಂಡು ಬಂದ್ರು ಸಿಸ್ಟರ್? ಕೆಳಗಡೆ ಬೋರ್ಡಲ್ಲಿ ಆಂಕಾಲಜಿ ಅಂತ ಬರ್ದಿದೆ. ನಂಗೆ ಓದಕ್ಕೆ ಬರುತ್ತೆ." ಆಂಕಾಲಜಿ ಅಂದರೆ ಕ್ಯಾನ್ಸರ್ ವಿಭಾಗ.

ಇಲ್ಲಿ ಎರಡು ಸುಲಭದ ದಾರಿ ಇದ್ದವು. "ಏನಿಲ್ಲ ಸರ್, ಮಲಗಿ" ಅನ್ನಬಹುದಿತ್ತು. ಇಲ್ಲಾ ನಿಜ ಹೇಳಿಬಿಡಬಹುದಿತ್ತು. ಮೊದಲನೆಯದು ಸುಳ್ಳು. ಎರಡನೆಯದು ನನ್ನ ಕೆಲಸ ಅಲ್ಲ, ರಾತ್ರಿ ಹನ್ನೊಂದು ಗಂಟೆ ಅದಕ್ಕೆ ಹೊತ್ತೂ ಅಲ್ಲ. ಸ್ಟೂಲ್ ಎಳೆದು ಕೂತೆ. ನಿಂತುಕೊಂಡು ಕೇಳಿದರೆ ಯಾರೂ ಮನಸ್ಸು ಬಿಚ್ಚುವುದಿಲ್ಲ. "ನಿಮಗೆ ಏನು ಅನ್ನಿಸ್ತಿದೆ ಮೇಷ್ಟ್ರೇ?" ಅಂದೆ. ಅವರಿಗೆ ಮುಕ್ಕಾಲು ಪಾಲು ಗೊತ್ತಿತ್ತು. ತೂಕ ಇಳಿದದ್ದು, ಅವರ ಅಣ್ಣನಿಗೂ ಹೀಗೇ ಶುರುವಾದದ್ದು, ಮಗ ಫೋನ್ ಬಂದಾಗೆಲ್ಲ ಹೊರಗೆ ಹೋಗುವುದು, ಎಲ್ಲ ಲೆಕ್ಕ ಹಾಕಿದ್ದರು. "ನಿಮ್ಮ ಕಾಯಿಲೆ ವಿಷಯ ಪೂರ್ತಿ ನಿಮಗೆ ತಿಳೀಬೇಕಾ, ಇಲ್ಲಾ ಮಗನೇ ನೋಡ್ಕೊಳ್ಳಲಿ ಅಂತೀರಾ?" ಅಂತ ಕೇಳಿದೆ. "ದುಡ್ಡಿನ ವ್ಯವಹಾರ ಅವನೇ ನೋಡ್ಲಿ. ವಿಷಯ ನಂಗೆ ಹೇಳ್ಲಿ. ತೋಟದ ಪೋಡಿ ಆಗಿಲ್ಲ ಇನ್ನೂ. ಇಬ್ರು ಮಕ್ಕಳು, ನಾಳೆ ಜಗಳ ಆಗ್ಬಾರ್ದು."

ಅವರ ಮಾತನ್ನು ನರ್ಸಸ್ ನೋಟ್ಸಿನಲ್ಲಿ ಬರೆದೆ: ತಮ್ಮ ಕಾಯಿಲೆ ಏನು ಅಂತ ತಿಳಿಯಬೇಕು ಎಂದು ರೋಗಿ ಕೇಳಿದ್ದಾರೆ, ಡ್ಯೂಟಿ ಡಾಕ್ಟರಿಗೆ ತಿಳಿಸಲಾಗಿದೆ. ಹೀಗೆ ಬರೆದಿಟ್ಟರೆ ಶಿಫ್ಟ್ ಬದಲಾದರೂ ಮಾತು ಕಳೆದುಹೋಗುವುದಿಲ್ಲ. ಬೆಳಿಗ್ಗೆ ಮಗನಿಗೂ ಹೇಳಿದೆ. "ನಾನಾಗಿ ಏನೂ ಹೇಳಿಲ್ಲ ಸರ್. ಆದ್ರೆ ಅವರೇ ಕೇಳ್ತಿದಾರೆ. ಸುಳ್ಳು ಮಾತ್ರ ನಾನು ಹೇಳಲ್ಲ. ಡಾಕ್ಟರು ಕೂತು ಮಾತಾಡುವಾಗ ನೀವೂ ಇರಿ." ಡಾಕ್ಟರು ಪರದೆ ಎಳೆದು ಕೂತು ನಿಧಾನವಾಗಿ ಹೇಳಿದರು. ಅವರು ಹೋದ ಮೇಲೆ ಮೇಷ್ಟ್ರು ಅದೇ ಪ್ರಶ್ನೆಗಳನ್ನು ಮತ್ತೆ ನನ್ನ ಹತ್ತಿರ ಕೇಳಿದರು. ಎಲ್ಲರೂ ಹೀಗೇ. ದೊಡ್ಡ ಸುದ್ದಿ ಕಿವಿಗೆ ಬಿದ್ದ ಮೇಲೆ ಹೇಳಿದ್ದು ಯಾವುದೂ ಒಳಗೆ ಇಳಿದಿರುವುದಿಲ್ಲ. ಡಾಕ್ಟರು ಆಗಲೇ ಹೇಳಿದ್ದನ್ನು ಬಿಡಿಸಿ ಹೇಳುವುದು ನನ್ನ ಕೆಲಸವೇ. ಮೇಷ್ಟ್ರು ಮಗನ ಜೊತೆ ಒಂದು ದಿನ ಮಾತು ಬಿಟ್ಟರು. ಕಾಯಿಲೆಗಲ್ಲ, ಅಲ್ಸರ್ ಅಂದದ್ದಕ್ಕೆ. ಆಮೇಲೆ ಅವನನ್ನೇ ಕರೆದು ಸರ್ವೆಯವರಿಗೆ ಫೋನ್ ಮಾಡಿಸಿದರು.

ಎಲ್ಲರಿಗೂ ಎಲ್ಲ ಹೇಳಲೇಬೇಕು ಅಂತ ನಾನು ಹೇಳುತ್ತಿಲ್ಲ. "ನಂಗೇನೂ ಹೇಳ್ಬೇಡಿ ಕಣವ್ವಾ, ಮಗಳಿಗೆ ಹೇಳಿ ಸಾಕು" ಅನ್ನುವ ಅಜ್ಜಿಯರನ್ನೂ ನೋಡಿದ್ದೇನೆ. ಅದು ಅವರ ತೀರ್ಮಾನ, ಅದನ್ನೂ ಒಪ್ಪಬೇಕು. ತೊಂದರೆ ಆಗುವುದು ಅವರನ್ನು ಕೇಳದೇ ಬೇರೆಯವರು ತೀರ್ಮಾನಿಸಿದಾಗ. ನಮ್ಮ ದೇಶದ ವೈದ್ಯರ ನಡವಳಿಕೆಗೆ 2002ರಲ್ಲಿ ಬಂದ ನಿಯಮಗಳಲ್ಲೇ ಒಂದು ಸಂದು ಇದೆ. ಕಾಯಿಲೆಯ ತೀವ್ರತೆಯನ್ನು ಹಿಗ್ಗಿಸಲೂಬಾರದು, ಕುಗ್ಗಿಸಲೂಬಾರದು ಅನ್ನುತ್ತದೆ, ಸರಿ. ಆದರೆ ತಿಳಿದಿರಬೇಕಾದವರು ರೋಗಿ, ಬಂಧುಗಳು ಅಥವಾ ಜವಾಬ್ದಾರಿಯುತ ಸ್ನೇಹಿತರು ಅಂತ ಬರೆದಿದ್ದಾರೆ. ಆ "ಅಥವಾ" ಹಿಡಿದುಕೊಂಡು ರೋಗಿಯನ್ನು ಹೊರಗಿಡುವುದು ನಮ್ಮಲ್ಲಿ ರೂಢಿಯಾಗಿದೆ. ನೋಡೋಕೆ ಬಂದವರ "ಏನಾಗಲ್ಲ ಬಿಡಿ, ಎದ್ದು ಓಡಾಡ್ತೀರ" ಅನ್ನುವ ಮಾತೂ ಅದೇ ಜಾತಿಯದು. ನೈಟಿಂಗೇಲ್ 1859ರಲ್ಲಿ ಬರೆದ ನರ್ಸಿಂಗ್ ಪುಸ್ತಕದಲ್ಲಿ ಇಂಥ ಪೊಳ್ಳು ಧೈರ್ಯ ಹೇಳುವವರ ಮೇಲೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು ಬೈದಿದ್ದಾರೆ.

ಡಾಕ್ಟರನ್ನು ಕೇಳಿದರೂ ಸಿಗದ ಉತ್ತರಗಳೂ ಇವೆ. ಹೊಟ್ಟೆಯಲ್ಲಿರುವ ಮಗು ಗಂಡೋ ಹೆಣ್ಣೋ ಅಂತ ಹೇಳುವುದು 1994ರ ಕಾನೂನಿನ ಪ್ರಕಾರ ಅಪರಾಧ. ಸ್ವೀಟ್ ಡಬ್ಬ ತಂದರೂ ಅಷ್ಟೇ. ಎಚ್‌ಐವಿ ವಿಷಯವನ್ನು ಆ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಬಾಯಿ ಬಿಡುವ ಹಾಗಿಲ್ಲ, ಅದಕ್ಕೆ 2017ರ ಕಾನೂನಿದೆ. ಇನ್ನು "ನಾನು ಅವರ ಷಡ್ಡಕ, ರಿಪೋರ್ಟ್ ಏನು ಬಂತು?" ಅಂತ ವಾರ್ಡಿಗೆ ಫೋನ್ ಮಾಡುವವರು. ನಾನು ಹೇಳದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ.

ಮುಂದಿನ ಸಲ ಯಾರಾದರೂ ಸಿಸ್ಟರ್ ಅಥವಾ ಬ್ರದರ್ "ಡಾಕ್ಟರನ್ನೇ ಕೇಳಿ" ಅಂದರೆ ಅಲ್ಲಿಗೇ ಬಿಡಬೇಡಿ. ಯಾವ ಡಾಕ್ಟರು, ಎಷ್ಟು ಹೊತ್ತಿಗೆ ಬರ್ತಾರೆ, ನನ್ನ ಪ್ರಶ್ನೆ ನೋಟ್ಸಿನಲ್ಲಿ ಬರೆದಿಡ್ತೀರಾ ಅಂತ ಕೇಳಿ. ಪ್ರಶ್ನೆಗಳನ್ನು ನೀವೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ರೌಂಡ್ಸ್ ಗಡಿಬಿಡಿಯಲ್ಲಿ ಅರ್ಧ ಮರೆತುಹೋಗುತ್ತದೆ. ಓಡುತ್ತಿರುವ ಡಾಕ್ಟರನ್ನು ಲಿಫ್ಟ್ ಹತ್ತಿರ ತಡೆದು ಕೇಳುವುದಕ್ಕಿಂತ, ಕೂತು ಮಾತಾಡೋಕೆ ಹತ್ತು ನಿಮಿಷ ಕೊಡಿ ಅಂತ ಕೇಳುವುದು ಒಳ್ಳೆಯದು. ದಾಖಲೆಗಳ ಪ್ರತಿ ಬೇಕಿದ್ದರೆ ಬರೆದು ಕೊಡಿ. ಅದೇ 2002ರ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಏನೂ ಆಗಲಿಲ್ಲ ಅಂದರೆ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ. ಅವರೂ ಕೈಚೆಲ್ಲಿದರೆ ನರ್ಸಿಂಗ್ ಸೂಪರಿಂಟೆಂಡೆಂಟ್ ರೂಮ್ ಎಲ್ಲಿದೆ ಅಂತ ವಿಚಾರಿಸಿ. ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಅಂಥ ಒಂದು ರೂಮ್ ಇರುತ್ತದೆ, ಪೇಷಂಟ್ ಕಡೆಯವರು ಅಲ್ಲಿಗೆ ಹೋಗುವುದೇ ಕಮ್ಮಿ.