ಶಾಬಾದಿ ಕಲ್ಲಿನ ‘ಜರೀಗಿಡ’ ಮತ್ತು ನಿಜವಾದ ಪಳೆಯುಳಿಕೆ

ಹಾಸುಗಲ್ಲೆಂದು ತಂದ ಶಾಬಾದಿ ಕಲ್ಲಿನ ಮೇಲೆ ಕಪ್ಪು ಜರೀಗಿಡದಂಥ ಚಿತ್ತಾರ ಕಂಡರೆ ‘ಪಳೆಯುಳಿಕೆ ಸಿಕ್ಕಿತು’ ಎನ್ನುವವರೇ ಹೆಚ್ಚು. ಅದು ಗಿಡವೇ ಅಲ್ಲ, ಡೆಂಡ್ರೈಟ್. ಕಲ್ಲಿನ ಸಂದಿಗೆ ಇಳಿದ ನೀರಿನಲ್ಲಿದ್ದ ಮ್ಯಾಂಗನೀಸ್ ಅಲ್ಲೇ ಆಕ್ಸೈಡಾಗಿ ಕೂತು, ಕವಲೊಡೆಯುತ್ತಾ ಹರಡಿದ ಗುರುತು.

ಇವೆರಡರ ವ್ಯತ್ಯಾಸ ತಿಳಿಯಲು ಬೇಕಾದ ಸಾಮಾನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಲೆನ್ಸ್ ಮತ್ತು ಒಂದು ಟಾರ್ಚ್, ಅಷ್ಟೇ. ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು ಕಲ್ಲನ್ನೇ ಹತ್ತಿರ ತನ್ನಿ. ಸುಮಾರು ಎರಡೂವರೆ ಸೆಂಟಿಮೀಟರಿಗೆ ಬಂದಾಗ ಚಿತ್ರ ಸ್ಪಷ್ಟವಾಗುತ್ತದೆ. ಟಾರ್ಚನ್ನು ಪಕ್ಕದಿಂದ, ಕಲ್ಲಿನ ಮೈಗೆ ಸವರುವಂತೆ ಬಿಡಿ. ನೇರ ಬೆಳಕಿನಲ್ಲಿ ಉಬ್ಬುತಗ್ಗು ಮಾಯವಾಗುತ್ತದೆ. ಜರೀಗಿಡದ ಎಲೆಗೆ ನಡುದಂಟು ಇರುತ್ತದೆ, ಅದರ ಎರಡೂ ಬದಿಗೆ ಕಿರುಎಲೆಗಳು ಒಂದೇ ಅಂತರದಲ್ಲಿ ಬಂದು ತುದಿಯತ್ತ ಕ್ರಮವಾಗಿ ಸಣ್ಣಗಾಗುತ್ತವೆ. ಡೆಂಡ್ರೈಟಿಗೆ ಆ ಶಿಸ್ತಿಲ್ಲ. ಒಂದು ಬಿರುಕಿನ ಗೆರೆಯಿಂದ ಹೊರಟು ಸಿಕ್ಕಸಿಕ್ಕ ಕಡೆ ಕವಲೊಡೆದಿರುತ್ತದೆ, ದಪ್ಪವೂ ಇರುವುದಿಲ್ಲ, ಶಾಯಿ ಇಂಗಿದಂತೆ ಮೈಗೆ ಅಂಟಿರುತ್ತದೆ. ಚಿತ್ತಾರ ಪದರಗಳನ್ನು ಅಡ್ಡ ಕತ್ತರಿಸಿದ ಬಿರುಕಿನ ಮೇಲಿದ್ದರೆ ಅನುಮಾನವೇ ಬೇಡ: ಎಲೆ ಬೀಳುವುದು ಪದರದ ಮೇಲೆ, ಬಿರುಕಿನೊಳಗಲ್ಲ. ಆದರೆ ಪದರದ ಮೇಲಿದೆ ಎಂದಮಾತ್ರಕ್ಕೆ ಪಳೆಯುಳಿಕೆ ಎನ್ನಲಾಗದು, ಡೆಂಡ್ರೈಟ್ ಅಲ್ಲೂ ಬೆಳೆಯುತ್ತದೆ.

ಇದೆಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಕಲ್ಲಿನ ವಯಸ್ಸು. ಶಾಬಾದಿ ಕಲ್ಲು ಬರುವುದು ಭೀಮಾ ಸೀಮೆಯ ಸುಣ್ಣಕಲ್ಲಿನಿಂದ. ಅದು ನೆಲದ ಮೇಲೆ ಗಿಡಗಳೇ ಹುಟ್ಟದ ಕಾಲದ್ದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯಂಥ ನೈಸ್ (gneiss) ಎಂಬ ಕಲ್ಲು ಸುಮಾರು 300 ಕೋಟಿ ವರ್ಷ ಹಳೆಯದು, ಮೇಲಾಗಿ ಬಿಸಿ ಒತ್ತಡಗಳಲ್ಲಿ ಬೆಂದು ಬದಲಾದದ್ದು. ಅದರಲ್ಲಿ ಚಿಪ್ಪು, ಮೂಳೆ ಹುಡುಕುವುದು ವ್ಯರ್ಥ.

ಹಾಗಂತ ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಬಾಗಲಕೋಟೆ ಕಡೆಯ ಕಲಾದಗಿ ಡಾಲಮೈಟಿನಲ್ಲಿ (ಸುಣ್ಣಕಲ್ಲಿನಂಥದೇ ಕಲ್ಲು) ಸ್ಟ್ರೊಮಟೊಲೈಟ್ ಇದೆ: ಸೂಕ್ಷ್ಮಜೀವಿಗಳ ಪೊರೆಗಳು ಕೆಸರನ್ನು ಹಿಡಿದು ಪದರ ಪದರವಾಗಿ ಕಟ್ಟಿದ ಗುಮ್ಮಟ. ಮೇಲ್ಮೈ ನೋಡಿ ತೀರ್ಮಾನಿಸಬೇಡಿ, ಅಡ್ಡಕೊಯ್ತ ನೋಡಿ. ಮಿಲಿಮೀಟರು ಆಸುಪಾಸಿನ ತೆಳು ಪದರಗಳು ಮೇಲಕ್ಕೆ ಉಬ್ಬಿ, ಉಬ್ಬಿನ ನೆತ್ತಿಯಲ್ಲಿ ತುಸು ದಪ್ಪಗಿದ್ದು, ಕೆಳಗಿನ ಪದರ ಚಪ್ಪಟೆಯಾಗಿದ್ದರೆ ಸ್ಟ್ರೊಮಟೊಲೈಟ್ ಇರಬಹುದು. ಮೇಲಿನದೂ ಕೆಳಗಿನದೂ ಒಟ್ಟಿಗೆ ಬಾಗಿದ್ದರೆ ಅದು ಬರೀ ಕಲ್ಲಿನ ಪದರಗಳು ಮಡಿಚಿಕೊಂಡ ಗುರುತು.

ಇನ್ನು ಗುರುಮಠಕಲ್ ಕಡೆ, ಲಾವಾ ಪದರಗಳ ನಡುವೆ ಸಿಕ್ಕಿಕೊಂಡ ಕೆರೆತಳದ ಚರ್ಟ್ ಎಂಬ ಗಟ್ಟಿ ಸಿಲಿಕಾ ಕಲ್ಲಿನಲ್ಲಿ ಫೈಸಾ ಎಂಬ ಸಿಹಿನೀರಿನ ಬಸವನಹುಳು ಸಿಗುತ್ತದೆ. ಶಿಖರ ಮೇಲೆ, ಬಾಯಿ ನಿಮ್ಮತ್ತ ಮಾಡಿ ಹಿಡಿದರೆ ಬಾಯಿ ಎಡಕ್ಕಿರುತ್ತದೆ. ಬಹುಪಾಲು ಬಸವನಹುಳುಗಳಿಗೆ ಬಲಕ್ಕೆ. ಅದೇ ಸೀಮೆಯ ಕಪ್ಪುಕಲ್ಲಿನಲ್ಲಿ ಕಾಣುವ ದುಂಡನೆಯ ಬಿಳಿ ಗಡ್ಡೆಗಳು ಮೊಟ್ಟೆಗಳಲ್ಲ. ಲಾವಾದ ಗಾಳಿಗುಳ್ಳೆಗಳಲ್ಲಿ ಜಿಯೊಲೈಟೋ ಅಗೇಟೋ ಎಂಬಂಥ ಖನಿಜ ತುಂಬಿರುತ್ತದೆ.

ಕೆಡಿಸುವ ಕೈಗಳ ವಿಚಾರವನ್ನೂ ಹೇಳಬೇಕು. ಮಣ್ಣು ತೆಗೆಯಲು ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು ಸಾಕು; ತಂತಿಬ್ರಷ್ಷು ಗೀರಿದರೆ ಆ ಗೀರುಗಳೇ ಆಮೇಲೆ ‘ಎಲುಬಿನ ಗೆರೆ’ಯಾಗಿ ಕಾಣುತ್ತವೆ. ಜೇಡಿಕಲ್ಲನ್ನು ನೀರಿಗೆ ಹಾಕುವ ಮುನ್ನ ಅದರದೇ ಒಂದು ಚೂರನ್ನು ಲೋಟದಲ್ಲಿ ನೆನೆಸಿ ನೋಡಿ, ಕೆಲವು ಕರಗಿ ಕೆಸರಾಗುತ್ತವೆ. ವಿನೆಗರ್ ಅಂತೂ ಬೇಡವೇ ಬೇಡ, ಚಿಪ್ಪೂ ಸುಣ್ಣವೇ ಆಗಿದ್ದರೆ ಕಲ್ಲಿನ ಜೊತೆ ಅದೂ ಹೋಗುತ್ತದೆ. ವಾರ್ನಿಷ್ ಬಳಿದರೆ ಹೊಳಪು ಬಂದೀತು, ಲೆನ್ಸಿಗೆ ಏನೂ ಕಾಣದು.

ಭೂವಿಜ್ಞಾನ ವಿಭಾಗದವರಿಗೆ ಫೋಟೊ ಕಳಿಸುವುದಾದರೆ ಮೇಲಿನಿಂದ, ಬದಿಯಿಂದ, ಹಿಂಬದಿಯಿಂದ ತೆಗೆಯಿರಿ. ಪಕ್ಕದಲ್ಲಿ ಮಿಲಿಮೀಟರ್ ಸ್ಕೇಲ್ ಇರಲಿ. ಒಂದು ರೂಪಾಯಿ ನಾಣ್ಯ ಇಡುವುದು ರೂಢಿ, ಆದರೆ ಅದರ ಗಾತ್ರವೇ ಹಲವು ಸಲ ಬದಲಾಗಿದೆ. ಸಿಕ್ಕ ಜಾಗದ ಅಕ್ಷಾಂಶ ರೇಖಾಂಶದ ಜೊತೆಗೆ, ಕಲ್ಲು ಬಂಡೆಯಲ್ಲೇ ಇತ್ತೋ, ಹಳ್ಳದಲ್ಲಿ ಉರುಳಿ ಬಂದದ್ದೋ, ಅಂಗಡಿಯಿಂದ ತಂದ ಜಲ್ಲಿಯೋ ಎಂಬುದನ್ನೂ ಬರೆಯಿರಿ. ಜಲ್ಲಿಯಾದರೆ ಕ್ವಾರಿ ಯಾವುದೆಂದು ಲಾರಿಯವರನ್ನು ಕೇಳಿ ತಿಳಿದುಕೊಳ್ಳಿ.