ಆ ಕಿಟಕಿ ಯಾವ ದಿಕ್ಕಿಗಿತ್ತು

“ಕಿಟಕಿ ಪೂರ್ವಕ್ಕಿತ್ತು ಅಕ್ಕಾರೇ.”

“ಇಲ್ಲ ತಂಗಿ, ಉತ್ತರಕ್ಕೆ. ನನ್ನ ಮನೆ ನನಗೆ ಗೊತ್ತಿಲ್ಲವೇ?”

“ಐದು ವರ್ಷ ಅಲ್ಲಿ ಅಡುಗೆ ಮಾಡಿದವಳು ನಾನು.”

ಪ್ರವಾಸ ಮುಗಿಸಿ ಬಂದು ನಾಲ್ಕು ದಿನವಾಯಿತು. ಕಾರಿಗೆ ಮೆತ್ತಿದ ಎರೆಮಣ್ಣಿನ ಧೂಳನ್ನು ಇನ್ನೂ ತೊಳೆದಿಲ್ಲ. ಪಾತ್ರೆ ತಿಕ್ಕುವಾಗ, ಕಚೇರಿಗೆ ಹೊರಡುವಾಗ, ರಾತ್ರಿ ದೀಪ ಆರಿಸಿದ ಮೇಲೂ ಈ ಮೂರು ಮಾತು ಕಿವಿಯಲ್ಲಿ ಸುತ್ತುತ್ತಲೇ ಇವೆ. ಎಪ್ಪತ್ತಾರರ ಅವ್ವ ಮತ್ತು ಹಿಂದೆ ನಮಗೆ ಮನೆ ಬಾಡಿಗೆಗೆ ಕೊಟ್ಟಿದ್ದ, ಎಂಬತ್ತು ದಾಟಿದ ಕಾಕು, ಬಾಗಲಕೋಟೆಯ ನವನಗರದ ಒಂದು ಪಡಸಾಲೆಯಲ್ಲಿ ಎದುರುಬದುರು ಕುಳಿತು ಒಂದು ಅಡುಗೆಮನೆಯ ಕಿಟಕಿಗಾಗಿ ಜಗಳವಾಡಿದರು. ಎದ್ದು ಹೋಗಿ ನೋಡಿ ಬರೋಣವೆಂದರೆ ಆ ಅಡುಗೆಮನೆ ಇಲ್ಲ. ಅದು ಇದ್ದ ಓಣಿ ಇಲ್ಲ. ಓಣಿ ಇದ್ದ ನೆಲದ ಮೇಲೆ ನೀರು ನಿಂತಿದೆ.

ಅಪ್ಪನದು ವರ್ಗಾವಣೆಯ ನೌಕರಿ. ಧಾರವಾಡ, ಬಾಗಲಕೋಟೆ, ಬಿಜಾಪುರ ಎಂದು ನಮ್ಮ ಬಾಲ್ಯ ಹಂಚಿಹೋಯಿತು. ಅಪ್ಪ ತೀರಿಕೊಂಡು ಎರಡು ವರ್ಷವಾದ ಮೇಲೆ ಈ ಚಳಿಗಾಲದಲ್ಲಿ ಅವ್ವ ಒಂದೇ ಒಂದು ಆಸೆ ಹೇಳಿದಳು: ಮೂರೂ ಮನೆಗಳನ್ನು ಇನ್ನೊಮ್ಮೆ ನೋಡಬೇಕು. ಈ ಚಳಿಯಲ್ಲಿ ಮೊಣಕಾಲು ನೋವಿನವಳನ್ನು ಕರೆದುಕೊಂಡು ಯಾಕೆ ಅಲೆಯುತ್ತೀ, ಈಗ ಎಲ್ಲ ಊರೂ ಮೊಬೈಲಿನಲ್ಲೇ ಕಾಣುತ್ತವೆ ಎಂದು ಅಣ್ಣ ಫೋನಿನಲ್ಲಿ ಹೇಳಿದ. ಅವನು ಕೆಟ್ಟವನಲ್ಲ. ಆದರೆ ಮನೆ ಎಂದರೆ ಅವನಿಗೆ ವಿಳಾಸ. ಪ್ರತಿ ವರ್ಗಾವಣೆಗೂ ಪಾತ್ರೆಗಳನ್ನು ಹಳೆ ಸೀರೆಯಲ್ಲಿ ಸುತ್ತಿ, ಮುಂದಿನ ಊರಿನಲ್ಲಿ ಬಿಚ್ಚಿ ಜೋಡಿಸಿದವಳು ಅವ್ವ.

ಧಾರವಾಡದಲ್ಲಿ ನಾವಿದ್ದ ಮಾಳಮಡ್ಡಿಯ ಹಂಚಿನ ಮನೆ ಹೋಗಿ ಅಪಾರ್ಟ್‌ಮೆಂಟ್ ಬಂದಿದೆ. ಅದು ನಿರೀಕ್ಷಿತವೇ. ಕಾವಲುಗಾರ ಯಾರ ಮನೆಗೆ ಹೋಗಬೇಕು ಎಂದು ಕೇಳಿದ. ಅವ್ವ ಹೇಳಿದಳು, “ನಮ್ಮ ಮನೆಗೇ.” ಅವನು ಒಳ್ಳೆಯ ಮನುಷ್ಯ, ಮರುಮಾತಾಡದೆ ಗೇಟು ತೆಗೆದ. ಅವ್ವ ಪಾರ್ಕಿಂಗಿನ ಕಂಬಗಳ ನಡುವೆ ಕೋಲೂರಿಕೊಂಡು ನಡೆದಳು. ಪಕ್ಕದ ಕಂಪೌಂಡಿನ ಮಾವಿನ ಮರ ಉಳಿದಿತ್ತು. ಅದನ್ನು ಗುರುತಾಗಿ ಇಟ್ಟುಕೊಂಡು ಹೆಜ್ಜೆ ಎಣಿಸಿ, ಇಲ್ಲಿ ತುಳಸಿಕಟ್ಟೆ, ಇಲ್ಲಿ ಬಚ್ಚಲು, ಈ ಕೆಂಪು ಕಾರು ನಿಂತಿದೆಯಲ್ಲ, ಅಲ್ಲಿ ನೀನು ಬಿದ್ದು ಹಣೆ ಒಡೆದುಕೊಂಡೆ ಎಂದು ತೋರಿಸಿದಳು. ಮುಖದಲ್ಲಿ ದುಃಖವಿರಲಿಲ್ಲ. ಸಾಲಕೊಟ್ಟ ಹಣ ಎಣಿಸಿ ಪಡೆದವಳ ಸಮಾಧಾನವಿತ್ತು. ಹುಬ್ಬಳ್ಳಿ ರಸ್ತೆಯಲ್ಲಿ ಚಿಗರಿ ಎಂಬ ಶೀಘ್ರಸಾರಿಗೆ ಬಸ್ಸುಗಳ ಪಥಕ್ಕಾಗಿ ಕಡಿದ ಮರಗಳನ್ನು ನೆನೆದು ಬೇಸರಪಟ್ಟದ್ದು ನಾನು.

ಹುಬ್ಬಳ್ಳಿಯಿಂದ ನವಲಗುಂದ, ನರಗುಂದ, ಕುಳಗೇರಿ ಕ್ರಾಸಿನ ದಾರಿ ಹಿಡಿದೆವು. ಡಿಸೆಂಬರಿನಲ್ಲಿ ಈ ಎರೆಭೂಮಿಯನ್ನು ನೋಡದವರಿಗೆ ಬಯಲುಸೀಮೆ ಎಂದರೆ ಬರೀ ಬಿಸಿಲು, ಒಣನೆಲ ಎಂಬ ತಪ್ಪು ಕಲ್ಪನೆ ಉಳಿದುಬಿಡುತ್ತದೆ. ಎರಡೂ ಬದಿಗೆ ಕಣ್ಣು ಮುಟ್ಟುವವರೆಗೆ ಬಿಳಿಜೋಳ, ಕಡಲೆ, ನಡುನಡುವೆ ಕುಸುಬೆ. ರಸ್ತೆ ಬದಿಯಲ್ಲಿ ಹುಡುಗನೊಬ್ಬ ಸುಲಗಾಯಿ ಕಟ್ಟುಗಳನ್ನು ಹಿಡಿದು ನಿಂತಿದ್ದ. ಎರಡು ಕಟ್ಟು ಕೊಂಡೆವು. ಅವ್ವ ಹಸಿ ಕಡಲೆ ಸುಲಿಯುತ್ತ, ಒಂದು ತನ್ನ ಬಾಯಿಗೆ, ಒಂದು ನನ್ನ ಬಾಯಿಗೆ ಹಾಕುತ್ತ ಕುಳಿತಳು. ಎಳ್ಳು ಅಮಾವಾಸ್ಯೆ ಎರಡು ದಿನ ದೂರವಿತ್ತು. ಬಾಗಲಕೋಟೆಯಲ್ಲಿ ಕಾಕುವಿನ ಮನೆಯವರು ನಮ್ಮನ್ನೂ ಬಂಡಿಯಲ್ಲಿ ಹೊಲಕ್ಕೆ ಕರೆದೊಯ್ಯುತ್ತಿದ್ದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಹೊಲದ ತುಂಬ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲುತ್ತ ಓಡಾಡುವ ಮಕ್ಕಳು. “ಈ ಸಲವೂ ಹೋಗುತ್ತಾರೋ ಏನೋ” ಎಂದಳು ಅವ್ವ. ನಾನು ಸುಮ್ಮನೆ ಗಾಡಿ ಓಡಿಸಿದೆ. ಆ ಹೊಲವೂ ಹಿನ್ನೀರಿಗೆ ಹೋಗಿರುವುದು ನನಗೆ ಗೊತ್ತಿತ್ತು.

1984ರಲ್ಲಿ ನಾವು ಬಾಗಲಕೋಟೆಗೆ ಹೋದಾಗ ಊರಿನ ಆಯುಷ್ಯ ಬರೆದಾಗಿತ್ತು. ಆಲಮಟ್ಟಿಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಅಣೆಕಟ್ಟು ಮುಗಿದದ್ದು 2005ರಲ್ಲಿ. ನಡುವಿನ ನಾಲ್ಕು ದಶಕ ಘಟಪ್ರಭೆಯ ದಂಡೆಯ ಈ ಊರು ಮುಳುಗಡೆ ಎಂಬ ಒಂದು ಶಬ್ದದ ಕೆಳಗೆ ಬದುಕಿತು. ಮುಳುಗುವ ಮನೆಗೆ ಗಿಲಾವು ಯಾಕೆ, ಮುಳುಗುವ ಓಣಿಗೆ ಗಟಾರು ಯಾಕೆ ಎಂದು ಎಲ್ಲವೂ ನಿಂತುಹೋಗಿತ್ತು. ಕಾಕುವಿನ ಗಂಡ ಮಾತ್ರ ಪ್ರತಿ ದೀಪಾವಳಿಗೂ ಸುಣ್ಣ ಬಳಿಯುತ್ತಿದ್ದರು. ಅವರದು ಮಣ್ಣಿನ ಮಾಳಿಗೆಯ ದೊಡ್ಡ ಮನೆ. ಹಿಂದಿನ ಅರ್ಧ ನಮಗೆ ಬಾಡಿಗೆಗೆ. ಮಳೆ ಶುರುವಾದರೆ ಅಪ್ಪ ಲುಂಗಿ ಎತ್ತಿ ಕಟ್ಟಿ ಮಾಳಿಗೆ ಹತ್ತಿ ಬೆಳಕಿಂಡಿಗೆ ತಗಡು ಮುಚ್ಚುತ್ತಿದ್ದ. ಹೋಳಿಯ ದಿನಗಳಲ್ಲಿ ಬಣ್ಣದ ಬ್ಯಾರಲ್ ಹೊತ್ತ ಬಂಡಿಗಳು ಓಣಿಗೆ ಬಂದಾಗ ಅದೇ ಮಾಳಿಗೆಯ ಮೇಲೆ ನಾವು ಅಡಗಿಕೊಳ್ಳುತ್ತಿದ್ದೆವು.

ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರ ಅಚ್ಚುಕಟ್ಟಾಗಿದೆ. ಅಗಲ ರಸ್ತೆ, ಸಂಖ್ಯೆ ಹಾಕಿದ ಸೆಕ್ಟರುಗಳು. ಕಾಕುವಿನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸಿಮೆಂಟಿನ ಮನೆಗೆ ಹಳೆಯ ತೇಗದ ಚೌಕಟ್ಟು, ಹಿತ್ತಾಳೆಯ ಬಳೆಯಿರುವ ಬಾಗಿಲು. ಮನೆ ಬಿಚ್ಚುವಾಗ ಅದೊಂದನ್ನು ಹೊತ್ತು ತಂದಿದ್ದರು. ಅವ್ವ ಒಳಗೆ ಹೋಗುವ ಮೊದಲು ಆ ಬಳೆಯನ್ನು ಹಿಡಿದು ಎರಡು ಸಲ ಬಡಿದಳು. ಒಳಗಿನಿಂದ ಕಾಕು ಕೂಗಿದರು, “ಯಾರದು, ಹಿಂದಿನ ಮನೆಯವಳೇ?” ಮೂವತ್ತಾರು ವರ್ಷದ ಮೇಲೆ, ಬಡಿದ ಸದ್ದಿನಿಂದಲೇ ಗುರುತು ಹಿಡಿದ ಆ ಅಜ್ಜಿಯನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಚಹಾ ಆಯಿತು. ಸತ್ತವರ ಲೆಕ್ಕ, ಮದುವೆಯಾದವರ ಲೆಕ್ಕ ಆಯಿತು. ಆಮೇಲೆ ಇಬ್ಬರೂ ಕೈ ಕೈ ಹಿಡಿದುಕೊಂಡು ಹಳೆ ಮನೆಯೊಳಗೆ ಕಾಲಿಟ್ಟರು. ಬೇರೆ ಪದದಲ್ಲಿ ಅದನ್ನು ಹೇಳಲು ನನಗೆ ಬರುವುದಿಲ್ಲ. ಹೊಸ್ತಿಲು, ಪಡಸಾಲೆ, ಎಡಕ್ಕೆ ಜೋಳದ ಹಗೇವು, ದೇವರ ಕೋಣೆ, ಮೂರು ಮೆಟ್ಟಿಲು ಇಳಿದರೆ ನಮ್ಮ ಭಾಗ. ಒಬ್ಬರು ಬಾಗಿಲು ತೆರೆದರೆ ಇನ್ನೊಬ್ಬರು ದೀಪ ಹಚ್ಚುವಂತೆ ಮಾತು ಸಾಗಿತ್ತು. ಅಡುಗೆಮನೆಗೆ ಬಂದಾಗ ನಿಂತಿತು.

“ಕಿಟಕಿ ಪೂರ್ವಕ್ಕಿತ್ತು ಅಕ್ಕಾರೇ.”

“ಇಲ್ಲ ತಂಗಿ, ಉತ್ತರಕ್ಕೆ.”

ಮೊದಲು ನಗುತ್ತಲೇ ಹೇಳಿದರು. ಮೂರನೆಯ ಸಲಕ್ಕೆ ಅವ್ವನ ಧ್ವನಿ ನಡುಗಿತು, ಕಾಕು ಹಿಡಿದಿದ್ದ ಕೈ ಬಿಟ್ಟರು. ಪೂರ್ವಕ್ಕೆ ಕಿಟಕಿಯಿದ್ದರೆ ಪಕ್ಕದವರ ಗೋಡೆಯೇ ಅಡ್ಡ ಬರುತ್ತಿತ್ತಲ್ಲ ಎಂದು ಕಾಕು ತರ್ಕ ಹೂಡಿದರು. ಹಾಗಾದರೆ ಬೆಳಗಿನ ಬಿಸಿಲು ಎಲ್ಲಿಂದ ಬರುತ್ತಿತ್ತು ಎಂದು ಅವ್ವ ಕೇಳಿದಳು. ನನ್ನನ್ನು ಸಾಕ್ಷಿಗೆ ಕರೆದರು. ನನಗೆ ಆ ಅಡುಗೆಮನೆಯ ಹೊಗೆ ನೆನಪಿದೆ, ಕಪ್ಪು ತೊಲೆಗಳು ನೆನಪಿವೆ. ಕಿಟಕಿ ನೆನಪಿಲ್ಲ. ಅದನ್ನು ಹೇಳಿದಾಗ ಇಬ್ಬರೂ ನನ್ನತ್ತ ನೋಡಿದ ನೋಟ ಒಂದೇ ಆಗಿತ್ತು.

ಕಾಕುವಿನ ಮಗ ಒಳಗಿನಿಂದ ಒಂದು ಕಡತ ತಂದ. ಪರಿಹಾರಕ್ಕಾಗಿ ಮನೆಯ ಮೌಲ್ಯ ಕಟ್ಟಿದಾಗಿನ ಕಾಗದದ ಜೆರಾಕ್ಸ್ ಪ್ರತಿ. ಗೋಡೆಯ ಉದ್ದ, ದಪ್ಪ, ಬಾಗಿಲು ಇಷ್ಟು, ಕಿಟಕಿ ಏಳು. ದಿಕ್ಕು ಬರೆದಿರಲಿಲ್ಲ. ಏಳು ಕಿಟಕಿಗೂ ಸೇರಿಸಿ ಒಂದು ಬೆಲೆ. “ಈಗ ಯಾವ ದಿಕ್ಕಾದರೇನು ಅವ್ವಾ, ಮನೆಯೇ ಇಲ್ಲವಲ್ಲ” ಎಂದು ಅವನು ಕಡತ ಮುಚ್ಚಿದ. ಆ ಮಾತು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಮುಖ ತಿರುಗಿಸಿಕೊಂಡೆ. ಆಮೇಲೆ ಬಾಗಿಲವರೆಗೆ ಬಿಡಲು ಬಂದಾಗ ಅವನೇ ಹೇಳಿದ: ಮಾಳಿಗೆಯ ತೊಲೆಗಳನ್ನು ಇಳಿಸಿದ್ದು, ಚೌಕಟ್ಟು ಕಿತ್ತದ್ದು, ಕೊನೆಗೆ ಗೋಡೆ ಕೆಡವಿದ್ದು ಅವನೇ, ಆಳುಗಳ ಜೊತೆ ನಿಂತು, ತನ್ನ ಕೈಯಾರೆ. ಆ ಕಿಟಕಿಯನ್ನೂ ಅವನೇ ಕಿತ್ತಿರಬೇಕು. ಅವನಿಗೂ ನೆನಪಿಲ್ಲವೋ, ನೆನಪಿದ್ದೂ ಹೇಳಲಾರನೋ ಎಂದು ಈಗ ಅನಿಸುತ್ತದೆ. ಅವನ ಮೇಲೆ ಸಿಟ್ಟಾದದ್ದು ನನ್ನ ತಪ್ಪು.

ಸಂಜೆ ಅವನೇ ನಮ್ಮನ್ನು ಹಳೆ ಬಾಗಲಕೋಟೆಗೆ ಕರೆದೊಯ್ದ. ಊರಿನ ಎತ್ತರದ ಭಾಗ ಈಗಲೂ ಇದೆ, ಅಂಗಡಿಗಳಿವೆ, ಜನರಿದ್ದಾರೆ. ಮುಂದೆ ಹೋದಂತೆ ರಸ್ತೆ ಇಳಿಯುತ್ತ ನೀರಿನೊಳಗೆ ಹೋಗುತ್ತದೆ. ಡಿಸೆಂಬರಿನಲ್ಲಿ ಹಿನ್ನೀರು ಇನ್ನೂ ತುಂಬಿರುತ್ತದೆ. ಬೇಸಿಗೆಯಲ್ಲಿ ಬಂದರೆ ಕೆಲವು ಕಡೆ ಅಡಿಪಾಯದ ಕಲ್ಲು ಕಾಣುತ್ತವೆ ಎಂದ ಅವನು. ಅಡಿಪಾಯಕ್ಕೆ ಕಿಟಕಿ ಇರುವುದಿಲ್ಲ. ಅವ್ವ ಕಾರಿನಿಂದ ಇಳಿಯಲಿಲ್ಲ, ಗಾಜು ಇಳಿಸಿ ಶಾಲು ಹೊದ್ದು ನೋಡುತ್ತ ಕುಳಿತಳು. ಮಾವಿನ ಮರವಿರಲಿಲ್ಲ, ಎಣಿಸಲು ಹೆಜ್ಜೆಯಿರಲಿಲ್ಲ. ಧಾರವಾಡದ ಮನೆಯೂ ಒಡೆದುಹೋಗಿದೆ, ಆದರೆ ಅಲ್ಲಿ ನೆಲ ಅವ್ವನ ಜೊತೆ ವಾದಕ್ಕೆ ನಿಂತಿತ್ತು, ಅವಳು ತಪ್ಪಿದರೆ ತಿದ್ದುತ್ತಿತ್ತು. ಇಲ್ಲಿ ಅವಳನ್ನು ತಿದ್ದುವುದಕ್ಕೂ ಏನಿಲ್ಲ, ಸರಿ ಎನ್ನುವುದಕ್ಕೂ ಏನಿಲ್ಲ.

ಆಲಮಟ್ಟಿಯಲ್ಲಿ ಈಗ ಸಮುದ್ರಮಟ್ಟದಿಂದ 519.60 ಮೀಟರಿನವರೆಗೆ ನೀರು ನಿಲ್ಲಿಸುತ್ತಾರೆ. 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿಗೆ ಕೊಟ್ಟಿದೆ. ಹಾಗಾದರೆ ಇನ್ನಷ್ಟು ಹಳ್ಳಿ, ಬಾಗಲಕೋಟೆಯ ಇನ್ನಷ್ಟು ಭಾಗ ಹೋಗುತ್ತದೆ. ಒಣನೆಲಕ್ಕೆ ನೀರು ಬೇಕು, ಅದನ್ನು ಅಲ್ಲಗಳೆಯುವ ಅಧಿಕಾರ ಕುಡಿಯುವ ನೀರಿಗೆ ಕಾದು ಬೆಳೆದ ನನಗಿಲ್ಲ. ಆದರೆ ನೀರಿನ ಎತ್ತರವನ್ನು ಮೀಟರಿನ ಮೂರನೆಯ ದಶಮಾಂಶದವರೆಗೆ ಬರೆದಿಡಬಲ್ಲ ನಾವು, ಕೆಡಹುವ ಮೊದಲು ಪ್ರತಿ ಮನೆಯ ಒಂದೊಂದು ಚಿತ್ರ ತೆಗೆದು ಆ ಮನೆಯವರ ಕೈಗೆ ಕೊಡಬಹುದಿತ್ತು. ಬೆಲೆ ಕಟ್ಟುವುದಕ್ಕಲ್ಲ, ಸುಮ್ಮನೆ ಇರಲಿ ಎಂದು. ಮುಂದೆ ಮುಳುಗುವ ಮನೆಗಳಿಗಾದರೂ ಯಾರಾದರೂ ಇದನ್ನು ಮಾಡಲಿ. ಯಾವ ಗೋಡೆಗೆ ಯಾವ ಕಿಟಕಿ ಎಂದು ಬರೆದಿಡಲಿ.

ಮರುದಿನ ಕೊರ್ತಿ ಕೊಲ್ಹಾರ ಸೇತುವೆ ದಾಟಿದೆವು. ಎರಡೂ ಬದಿಗೆ ಕೃಷ್ಣೆ, ಬೆಳಗಿನ ಚಳಿಗೆ ಮೇಲೆ ತೆಳುವಾದ ಹೊಗೆಮಂಜು. ಕೊಲ್ಹಾರದಲ್ಲಿ ಮೊಸರು ಕೊಳ್ಳೋಣವೇ ಎಂದೆ. ಅವ್ವ ಬೇಡವೆಂದಳು. ಬಿಜಾಪುರ 2014ರಲ್ಲಿ ವಿಜಯಪುರವಾಗಿದ್ದರೂ ಅವ್ವನ ಬಾಯಲ್ಲಿ ಬಿಜಾಪುರವೇ. ಅಲ್ಲಿನ ಮನೆ ಇದ್ದ ಹಾಗೇ ಇತ್ತು, ಬೀಗ ಹಾಕಿತ್ತು. ಎದುರಿನ ನಳ ಕಿತ್ತುಹೋಗಿತ್ತು. ಎಂಬತ್ತೊಂಬತ್ತು, ತೊಂಬತ್ತರ ಬೇಸಿಗೆಗಳಲ್ಲಿ ಅವ್ವ ಕೊಡಗಳನ್ನು ಸಾಲಿಗಿಟ್ಟು ನಡುರಾತ್ರಿ ಕಾಯುತ್ತಿದ್ದದ್ದು ಅಲ್ಲೇ. ಊಟಕ್ಕೆ ಕುಳಿತ ಹೋಟೆಲಿನಲ್ಲಿ ಇದು ಎಲ್ಲಿಯ ನೀರು ಎಂದು ಅವ್ವ ಕೇಳಿದಳು. “ಕೊಲ್ಹಾರದಿಂದ ಬರುತ್ತದೆ ಅಮ್ಮಾ, ಹಿನ್ನೀರಿನದು” ಎಂದ ಹುಡುಗ. ಅವ್ವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದಳು. ಗೋಳಗುಮ್ಮಟದ ಅಂಗಳದ ಬಿಸಿಲಿನಲ್ಲಿ ಅರ್ಧ ತಾಸು ಕುಳಿತೆವು. ಒಳಗೆ ಹೋಗುವ ಮನಸ್ಸು ಇಬ್ಬರಿಗೂ ಇರಲಿಲ್ಲ.

ನಿನ್ನೆ ರಾತ್ರಿ ಅಣ್ಣನ ಮನೆಯಿಂದ ಅವ್ವ ಫೋನು ಮಾಡಿದಳು. ನಮಸ್ಕಾರ ಇಲ್ಲ, ಊಟವಾಯಿತೇ ಇಲ್ಲ. “ಪೂರ್ವಕ್ಕೇ ಇತ್ತು. ಬೆಳಗ್ಗೆ ಹಾಲು ಕಾಯಿಸುವಾಗ ಬಿಸಿಲು ನೇರವಾಗಿ ಪಾತ್ರೆಯ ಮೇಲೆ ಬೀಳುತ್ತಿತ್ತು. ನಿನ್ನ ಅಪ್ಪ ಅಲ್ಲೇ ಕುಳಿತು ಪೇಪರು ಓದುತ್ತಿದ್ದರು. ನಾಳೆ ಅಕ್ಕಾರಿಗೆ ಹೇಳು.”

ಇಂದು ಬೆಳಗ್ಗೆ ಹೇಳಿದೆ. ಕಾಕು ಬಹಳ ಹೊತ್ತು ಮಾತಾಡಲಿಲ್ಲ. ಫೋನು ಕಟ್ಟಾಯಿತೇನೋ ಎಂದುಕೊಂಡೆ.

“ಬಿಸಿಲು ಬೀಳುತ್ತಿತ್ತು, ನಿಜ” ಎಂದರು ಕೊನೆಗೆ. “ನಿನ್ನ ಅಪ್ಪ ಕೂರುತ್ತಿದ್ದದ್ದೂ ನಿಜ. ಆದರೆ ಆ ಬಿಸಿಲು ಬೆಳಕಿಂಡಿಯದು.”

ಅವ್ವನಿಗೆ ಇನ್ನೂ ತಿಳಿಸಿಲ್ಲ.